ದಾರಿ ಕೇಳದ ಮಲಕಾಜಪ್ಪ

ವಿಜಯಪುರವನ್ನು ಗೆಲ್ಲಲು ಬಂದ ದಂಡುಗಳೆಲ್ಲ ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ, "ಕೋಟೆ ಯಾವ ಕಡೆಯಪ್ಪ?" ಎಂದು ಕೇಳಿಯೇ ಬಂದಿರಬೇಕು. ಆನೆ, ಕುದುರೆ, ತೋಪು ಇದ್ದವರಿಗೂ ಅದರಲ್ಲಿ ಅವಮಾನ ಕಾಣಲಿಲ್ಲ. ಅವಮಾನ ಕಂಡವನು ಒಬ್ಬನೇ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಬೆಳೆಗೆ ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ಮಲಕಾಜಪ್ಪ. ಐವತ್ತಮೂರು ವರ್ಷದ ಆಯುಷ್ಯದಲ್ಲಿ ಅವನು ಒಬ್ಬ ನರಮನುಷ್ಯನನ್ನೂ ದಾರಿ ಕೇಳಿದವನಲ್ಲ. ಹೊರಟ ಊರಿಗೆ ಹೊರಟ ದಿನವೇ ಮುಟ್ಟಿದ್ದೂ ಅಷ್ಟಕ್ಕಷ್ಟೆ.

ಈ ವ್ರತದ ಪ್ರತಾಪಗಳನ್ನು ಓಣಿಯ ಜನ ಇಂದಿಗೂ ಚಹಾದ ಜೊತೆ ನೆಂಜಿಕೊಳ್ಳುತ್ತಾರೆ. ಸೊಲ್ಲಾಪುರಕ್ಕೆಂದು ಹೋದವನು ಬಾಗಲಕೋಟೆಯಲ್ಲಿ ಇಳಿದು, ಅಲ್ಲೊಂದು ಡಜನ್ ವಾಷರ್ ಕೊಂಡು, ಅದಕ್ಕೇ ಬಂದವನಂತೆ ಎದೆ ಸೆಟೆಸಿ ತಿರುಗಿ ಬಂದದ್ದು ಒಂದು ಪರ್ವ. ಅದಕ್ಕಿಂತ ದೊಡ್ಡ ಪರ್ವ ಅವನ ಮದುವೆಯದು. ಟಿಕೋಟಾದಲ್ಲಿ ಕನ್ಯೆ ನೋಡುವುದೆಂದು ಹಿರಿಯರು ಜೀಪಿನಲ್ಲಿ ಮುಂದೆ ಹೋಗಿದ್ದರು. ಸೈಕಲ್ ಮೇಲೆ ಹಿಂದೆ ಹೊರಟ ವರ ಬಬಲೇಶ್ವರ ಮುಟ್ಟಿದ. ಅಲ್ಲಿ ಒಂದು ಮನೆಯ ಮುಂದೆ ರಂಗೋಲಿ ಹಾಕಿ, ಬಾಗಿಲಲ್ಲಿ ನಾಲ್ಕು ಮಂದಿ ಬೇರೆ ಯಾವುದೋ ವರನ ದಾರಿ ಕಾಯುತ್ತಿದ್ದರು. ಇವನು ಒಳಗೆ ಹೋದ, ಅವಲಕ್ಕಿ ತಿಂದ, ಹುಡುಗಿಯನ್ನು ನೋಡಿದ, ಒಪ್ಪಿದೆ ಎಂದ. ಆ ಹುಡುಗಿಯೇ ಸುವರ್ಣಾ. "ಅವತ್ತ ಇವರು ಒಂದ ಮಾತ ದಾರಿ ಕೇಳಿದ್ರ ನನ್ನ ಬಾಳೇವೇ ಬ್ಯಾರೆ ಇರ್ತಿತ್ತು" ಎಂದು ಅವಳು ಇಪ್ಪತ್ತೇಳು ವರ್ಷಗಳಿಂದ ಹೇಳುತ್ತಿದ್ದಾಳೆ. ಅದು ದೂರೋ ಮೆಚ್ಚುಗೆಯೋ ಎಂದು ಅವಳನ್ನು ಕೇಳುವ ಧೈರ್ಯವೂ ಮಲಕಾಜಪ್ಪನಿಗೆ ಬಂದಿಲ್ಲ.

ಇಷ್ಟು ದಿನ ಈ ವ್ರತದಿಂದ ಹೊಟ್ಟೆಗೆ ತೊಂದರೆ ಇರಲಿಲ್ಲ. ಬೆನ್ನಿಗೆ ಕಟ್ಟುವ ಪಂಪುಗಳನ್ನು ರೈತರೇ ಹೊತ್ತು ಅಂಗಡಿಗೆ ತರುತ್ತಿದ್ದರು. ಈಗ ದ್ರಾಕ್ಷಿ ತೋಟಗಳಿಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಗಾಳಿಯಿಂದ ಔಷಧ ಎರಚುವ ದೊಡ್ಡ ಬ್ಲೋವರ್‌ಗಳು ಬಂದಿವೆ. ಅವು ಕೆಟ್ಟರೆ ಅಂಗಡಿಗೆ ಬರುವುದಿಲ್ಲ, ಅಂಗಡಿಯವನೇ ಅವುಗಳ ಬಳಿ ಹೋಗಬೇಕು. ಟಿಕೋಟಾದ ತೋಟಗಳಿಗೋ ಬೀದಿಯ ಹೆಸರಿಲ್ಲ, ಮನೆ ನಂಬರಿಲ್ಲ. ಪ್ರತಿ ತೋಟದ ವಿಳಾಸವೂ ಒಂದೇ ರೀತಿ ಮುಗಿಯುತ್ತದೆ: "ಕೆನಾಲ್ ದಾಟಿ, ಎಡಕ್ಕ ಮೂರನೇ ಒಡ್ಡು, ಅಲ್ಲೆ ಯಾರನರೆ ಕೇಳ್ರಿ."

ಹೋದ ವರ್ಷ ಶಿವಲಿಂಗನ ತೋಟಕ್ಕೆ ಬೆಳಿಗ್ಗೆ ಹೊರಟವನು ಮುಟ್ಟಿದ್ದು ಸಂಜೆ ಐದಕ್ಕೆ. ಅಷ್ಟರಲ್ಲಿ ಮೋಡ ಕವಿದು, ಔಷಧ ಹೊಡೆಯುವ ಹೊತ್ತು ಮೀರಿ, ರೋಗ ಎಲೆಗೆ ಹತ್ತಿತ್ತು. ಟಿಕೋಟಾದ ಬೆಳೆಗಾರರ ಗುಂಪಿಗೆ ಈ ಶಿವಲಿಂಗನೇ ಮುಂದಾಳು. ಈ ವರ್ಷ ಅಕ್ಟೋಬರದ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಬಳ್ಳಿ ಹೊಸದಾಗಿ ಚಿಗುರುವ ಹೊತ್ತಿಗೆ ಅಂಗಡಿಗೇ ಬಂದು ಹೇಳಿದ:

"ಮಲಕಾಜಪ್ಪಣ್ಣಾ, ನಿಮ್ಮ ಕೈ ಛಲೋ ಅದಾವ್ರಿ. ಕಾಲ ಅಷ್ಟ ಸುಮಾರ. ನನ್ನ ಬ್ಲೋವರ್ ಸುರು ಮಾಡಿದ್ರ ಬರೇ ಕೆಮ್ಮತೈತಿ. ಬರೂ ಸೋಮವಾರ ಮುಂಜಾನೆ ಎಂಟಕ್ಕ ನನ್ನ ತೋಟದಾಗ ಇದ್ರಿ ಅಂದ್ರ ನಮ್ಮ ಗುಂಪಿನ ಇಪ್ಪತ್ತೆರಡೂ ಮಷೀನು ವರ್ಷಪೂರ್ತಿ ನಿಮ್ಮವು. ಇರಲಿಲ್ಲಂದ್ರ ಬ್ಯಾಸರ ಮಾಡಕೋಬ್ಯಾಡ್ರಿ, ಬ್ಯಾರೆದವ್ರನ್ನ ನೋಡತೇವಿ."

ಆ ಇಪ್ಪತ್ತೆರಡು ಮಷೀನು ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಶಟರ್ ಎಳೆದು, ಸುವರ್ಣಾಳ ಅಣ್ಣನ ಹಿಟ್ಟಿನ ಗಿರಣಿಯಲ್ಲಿ ಚೀಲ ಹಿಡಿದು ನಿಲ್ಲಬೇಕು. ಭಾವ ಒಳ್ಳೆಯವನು. ಆಗಲೇ ಒಂದು ಸ್ಟೂಲು ಒರೆಸಿ ಇಟ್ಟಿದ್ದಾನೆಂದು ಸುದ್ದಿಯೂ ಬಂದಿತ್ತು.

"ಹೊಸಾ ಫೋನ ಐತೆಲ್ಲೊ ನಿನ್ನ ಕಡೆ," ಎಂದ ಪಕ್ಕದ ಬಳೆ ಅಂಗಡಿಯ ಅಬ್ದುಲಸಮದ. ಇಬ್ಬರದೂ ಮೂವತ್ತು ವರ್ಷದ ನೆರೆ. "ತೋಟದ ಲೊಕೇಶನ್ ಹಾಕು, ಆಕಿ ಹೇಳಿದಂಗ ಹೋಗು."

"ಯಾಕಿ?"

"ಫೋನಿನ್ಯಾಗಿನಾಕಿ. ಬಲಕ್ಕ ತಿರಗ್ರಿ, ಎಡಕ್ಕ ತಿರಗ್ರಿ ಅಂತಾಳಲ್ಲ."

"ಎದುರಿಗೆ ನಿಂತಾವರನ್ನ ಕೇಳಿಲ್ಲ, ಇನ್ನ ಪೆಟಗ್ಯಾಗ ಕುಂತಾಕಿನ್ನ ಕೇಳಲೇನ?"

"ಲೇ ಹುಚ್ಚಾ, ನೀ ಕೇಳೂದ ಬ್ಯಾಡ. ಆಕಿನ ಹೇಳತಾಳ."

"ಕೇಳಲಾರದ ಹೇಳಾಕಿ ಮನ್ಯಾಗ ಒಬ್ಬಾಕಿ ಅದಾಳ. ಅಷ್ಟ ಸಾಕು ನನಗ."

ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ನಿಖತ ಇದನ್ನೆಲ್ಲ ಕೇಳುತ್ತ ನಿಂತಿದ್ದಳು. ಅಬ್ದುಲಸಮದನ ಮಗಳಾದ ಅವಳು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾಳೆ. ಎಂಟು ವರ್ಷದಿಂದ ಮಕ್ಕಳಿಗೆ ಅಕ್ಷಾಂಶ ರೇಖಾಂಶ ಹೇಳಿಕೊಟ್ಟು ಪಳಗಿದ ತಾಳ್ಮೆ ಅವಳದು.

"ಕಾಕಾ, ನೀವು ಯಾರನ್ನೂ ಕೇಳಬ್ಯಾಡ್ರಿ. ಹುಡುಕ್ರಿ. ಜಿಯೋಕ್ಯಾಶಿಂಗ್ ಅಂತ ಒಂದ ಆಟ ಐತಿ."

"ಕ್ಯಾಶ?" ಅಬ್ದುಲಸಮದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ರೊಕ್ಕ ಅಲ್ಲ ಅಬ್ಬಾ. ಡಬ್ಬಿ."

ಜಗತ್ತಿನಲ್ಲೆಲ್ಲ ಜನ ಸಣ್ಣ ಸಣ್ಣ ಡಬ್ಬಿಗಳನ್ನು ಅಡಗಿಸಿಟ್ಟು, ಅವು ಭೂಮಿಯ ಮೇಲೆ ಎಲ್ಲಿವೆ ಎಂಬ ಅಂಕಿಗಳನ್ನು ಇಂಟರ್‌ನೆಟ್‌ನಲ್ಲಿ ಹಾಕುತ್ತಾರಂತೆ. ಬೇರೆಯವರು ಆ ಅಂಕಿ ಹಿಡಿದು ಹುಡುಕುತ್ತಾರಂತೆ. ಸಿಕ್ಕ ಡಬ್ಬಿಯೊಳಗೆ ಒಂದು ವಹಿ ಇರುತ್ತದೆ, ಅದರಲ್ಲಿ ಹೆಸರು, ತಾರೀಖು ಬರೆಯಬೇಕು. ಒಳಗಿನ ಚಿಲ್ಲರೆ ಸಾಮಾನಿನಲ್ಲಿ ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದೊಂದನ್ನು ಇಡಬೇಕು. ತಿನ್ನುವ ಪದಾರ್ಥ ಮಾತ್ರ ಇಡಬಾರದು, ಇರುವೆ ಬರುತ್ತವೆ. ಹಾದಿಯಲ್ಲಿ ಹೋಗುವವರ ಕಣ್ಣಿಗೆ ಬೀಳದ ಹಾಗೆ ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ನಿಖತ ತಾನೇ ಇಂಥ ಎರಡು ಡಬ್ಬಿ ಇಟ್ಟಿದ್ದಳು, ಜಾಗದವರ ಒಪ್ಪಿಗೆ ಪಡೆದು. ಒಂದು ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ, ಇನ್ನೊಂದು ಬಬಲೇಶ್ವರದ ಆಚೆ ಜೈನಾಪುರದಲ್ಲಿ.

"ಫೋನಿನ್ಯಾಗ ಒಂದ ಸೂಜಿ, ಒಂದ ನಂಬರ ಅಷ್ಟ ಕಾಣತಾವ. ಈ ಕಡೆ ಐತಿ, ಇಷ್ಟ ಮೀಟರ ಐತಿ. ಯಾವ ರಸ್ತೆ, ಯಾವ ಸಂದಿ, ಅದು ನಿಮ್ಮ ಕೆಲಸ."

ಮಲಕಾಜಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಅಂದ್ರ ಯಾರನ್ನೂ ಕೇಳಿದಂಗ ಆಗೂದಿಲ್ಲ?"

"ಏನೂ ಇಲ್ರಿ. ಆದ್ರ ಒಂದ ಮಾತ ನೆನಪಿಡ್ರಿ ಕಾಕಾ. ಉಪಗ್ರಹ ಎಷ್ಟ ಶಾಣ್ಯಾ ಇದ್ರೂ ಹತ್ತ ಹೆಜ್ಜಿ ಸನೇಕ ತಂದ ಕೈ ಬಿಡತಾವ. ಅಲ್ಲಿಗೆ ಬಂದ ಮ್ಯಾಲೆ ಸೂಜಿ ಹುಚ್ಚ ಹಿಡದಂಗ ಗರಗರ ತಿರಗತೈತಿ. ಆವಾಗ ಫೋನ ಕಿಸೇದಾಗ ಇಡ್ರಿ. ಕಡೀ ಹತ್ತ ಹೆಜ್ಜಿ ನಿಮ್ಮವು."

ಗುರುವಾರ ಮೊದಲ ದಂಡಯಾತ್ರೆ, ಗುಡಿಯ ಹತ್ತಿರದ ಓಣಿಗೆ. ಸೂಜಿ ಒಂದು ಹಳೆಯ ಮನೆಯ ಕಬ್ಬಿಣದ ಗೇಟಿನ ಮುಂದೆ ತಂದು ನಿಲ್ಲಿಸಿ ಗರಗರ ತಿರುಗಿತು. ಮಲಕಾಜಪ್ಪ ಫೋನನ್ನು ಕಿಸೆಗಿಟ್ಟು ಗೇಟನ್ನು ನೋಡಿದ. ಗೇಟಿನ ಮೇಲೆ, ಕೆಳಗೆ, ಸಂದಿಯಲ್ಲಿ, ಮತ್ತೆ ಮೇಲೆ. ಅರ್ಧ ತಾಸು ಹೀಗೆ ನಿಂತವನನ್ನು ಎದುರು ಮನೆಯ ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತಿದ್ದ ಮುದುಕಿ ನೋಡಿ ನೋಡಿ ಮರುಗಿದಳು.

"ಪಾಪ, ಮನಿ ದಾರಿ ಮತ್ತ ತಪ್ಪೇತೇನೊ ಮಲಕಾಜಪ್ಪಾ? ನಿಮ್ಮ ಓಣಿ ಹಿಂದ ಐತೊ, ಗಿರಣಿ ದಾಟಿದ ಕೂಡ್ಲೆ."

ಐವತ್ತಮೂರು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ. ಆದರೆ ಡಬ್ಬಿಯ ಗುಟ್ಟು ಬಿಡುವಂತಿಲ್ಲ, ಆಟದ ನೇಮ. ಎದೆಯ ಮೇಲೆ ಕಲ್ಲು ಹೇರಿಕೊಂಡು, "ಹೂನಬೇ, ತಪ್ಪೇತಿ" ಎಂದ. ಗಿರಣಿಯವರೆಗೆ ಹೋಗಿ, ಒಂದು ಸುತ್ತು ಹಾಕಿ ಬಂದ. ಅಷ್ಟರಲ್ಲಿ ಮುದುಕಿ ಒಳಗೆ ಹೋಗಿದ್ದಳು. ಗೇಟಿನ ಕೆಳಗಿನ ಪಟ್ಟಿಯ ಹಿಂದೆ ಬೆರಳು ಆಡಿಸಿದಾಗ, ಲೋಹಚುಂಬಕದಿಂದ ಅಂಟಿದ್ದ ಹೆಬ್ಬೆರಳಿನಷ್ಟು ಡಬ್ಬಿ ಕೈಗೆ ಬಂತು. ಒಳಗೆ ಬೀಡಿಯಂತೆ ಸುತ್ತಿದ ಕಾಗದ. "ಮಲಕಾಜಪ್ಪ. ಗುರುವಾರ. ಸಿಕ್ಕಿತು" ಎಂದು ಬರೆದ. ಆ ಹೊತ್ತಿನಲ್ಲಿ ಯಾರಾದರೂ ಕಿರೀಟ ತಂದಿದ್ದರೆ ಬಗ್ಗಿ ತಲೆ ಕೊಡುತ್ತಿದ್ದ.

ಭಾನುವಾರದ್ದು, ಜೈನಾಪುರದ ಡಬ್ಬಿಯದು, ನಿಜವಾದ ಪರೀಕ್ಷೆ. ಹೊಲ, ಒಡ್ಡು, ಸಂದಿ, ಎಲ್ಲ ಟಿಕೋಟಾದ ಹಾಗೆಯೇ. ನೀರು, ಟೋಪಿ, ಪೆನ್ನು ಇಟ್ಟುಕೊಳ್ಳಬೇಕು, ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಹೋಗಬೇಕು ಎಂದು ನಿಖತ ತಾಕೀತು ಮಾಡಿದ್ದಳು. ಸುವರ್ಣಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತ, "ಹೇಳೂದ ಬ್ಯಾಡ್ರಿ, ಬರದಿಟ್ಟ ಹೋಗ್ರಿ. ಪೊಲೀಸರಿಗೆ ತೋರಸಾಕ ಬರತೈತಿ" ಎಂದಳು.

ಬಬಲೇಶ್ವರ ದಾಟಿದ ಮೇಲೆ ತಿಳಿದದ್ದು, ಸೂಜಿ ತೋರಿಸುವುದು ಹಕ್ಕಿಯ ಹಾದಿ, ಮೊಪೆಡ್ ಹಕ್ಕಿಯಲ್ಲ. ಸೂಜಿ ಒಂದು ಲಿಂಬೆ ತೋಟದೊಳಗೆ ನೇರ ಹೋಗೆನ್ನುತ್ತಿತ್ತು, ಅಲ್ಲಿ ಮುಳ್ಳಿನ ಬೇಲಿ ಬೇಡವೆನ್ನುತ್ತಿತ್ತು. ಎರಡು ಸಲ ಸುತ್ತು ಹಾಕಿದ, ಒಂದು ಸಲ ಹಳ್ಳದಲ್ಲಿ ಮೊಪೆಡ್ ತಳ್ಳಿದ. ಆದರೆ ಇಲ್ಲೊಂದು ಅದ್ಭುತ ನಡೆಯಿತು. ತಪ್ಪಿದ ಕೂಡಲೇ ತಪ್ಪಿದ್ದು ಗೊತ್ತಾಗುತ್ತಿತ್ತು, ನಂಬರ್ ಏರುತ್ತಿತ್ತು. ಮೊದಲೆಲ್ಲ ಅವನಿಗೆ ಅದು ಗೊತ್ತಾಗುತ್ತಿದ್ದದ್ದು ಮುಂದಿನ ಜಿಲ್ಲೆಯ ಬೋರ್ಡು ಕಂಡಾಗ. ಒಂಬೈನೂರು ಮೀಟರ್ ನಾನೂರಾಯಿತು, ನೂರಿಪ್ಪತ್ತಾಯಿತು, ಎಂಟಾಯಿತು. ಗೋವಿನಜೋಳದ ಹೊಲವೊಂದರ ಅಂಚಿನಲ್ಲಿ ಸೂಜಿಗೆ ಹುಚ್ಚು ಹಿಡಿಯಿತು.

ಫೋನು ಕಿಸೆಗೆ ಹೋಯಿತು. ನಿಖತ ಕೊಟ್ಟ ಸುಳಿವು ಒಂದೇ ಸಾಲಿನದು: "ಹಗಲು ರಾತ್ರಿ ಹೊಲ ಕಾಯುವವನ ಕಾಲಬುಡದಲ್ಲಿ." ಸುತ್ತ ನೋಡಿದ. ಎರಡು ಹೊಲಗಳ ನಡುವಿನ ಒಡ್ಡಿನ ಮೇಲೆ, ಮೊಣಕಾಲೆತ್ತರದ ಕಲ್ಲೊಂದು ನೆಟ್ಟಗೆ ನಿಂತಿತ್ತು. ಹಗಲು ರಾತ್ರಿ ಕಾಯಲು ಇನ್ಯಾರಿದ್ದಾರೆ? ಎರಡೂ ಕೈಯಿಂದ ಅದನ್ನು ತಬ್ಬಿ, ಬುಡ ಸಡಿಲಾಗಲೆಂದು ಹಿಂದೆ ಮುಂದೆ ಅಲುಗಾಡಿಸತೊಡಗಿದ.

ಅದು ಬಾಂದಗಲ್ಲು. ನಿನ್ನ ಹೊಲ ಇಲ್ಲಿಗೆ ಮುಗಿಯಿತು, ನನ್ನದು ಇಲ್ಲಿಂದ ಶುರು ಎಂದು ಸರ್ವೆಯವರು ಹುಗಿದ ಕಲ್ಲು. ಈ ಸೀಮೆಯಲ್ಲಿ ಮಲಗಿದ ಹೋರಿಯ ಮೂಗು ತಿವಿದವನಿಗಾದರೂ ಓಡಲು ಸಮಯ ಸಿಕ್ಕೀತು, ಬಾಂದಗಲ್ಲಿಗೆ ಕೈ ಹಚ್ಚಿದವನಿಗೆ ಸಿಗುವುದಿಲ್ಲ. ಪ್ಯಾಟೆಯಲ್ಲಿ ಬೆಳೆದ ಮಲಕಾಜಪ್ಪನಿಗೆ ಅದು ಹೊಳೆಯುವ ಮೊದಲೇ ಪಕ್ಕದ ಹೊಲದಿಂದ ಒಂದು ದನಿ ಸಿಡಿಲಿನಂತೆ ಬಿತ್ತು.

"ಯಾಂವಲೇ ಅಂವಾ! ಬಿಡ ಕಲ್ಲ!"

ಆ ಹೊಲದೊಡತಿ ಸಕ್ರವ್ವ. ವಯಸ್ಸು ಎಪ್ಪತ್ತು, ಕೈಯಲ್ಲಿ ಕುಡುಗೋಲು, ಬರುವ ವೇಗ ಇಪ್ಪತ್ತರದು.

"ಯಾರನ್ನ ಕೇಳಿ ಬಾಂದಗಲ್ಲ ಮುಟ್ಟಿದಿ?"

ಮಲಕಾಜಪ್ಪ ಜೀವಮಾನದ ಸತ್ಯವನ್ನೇ ಹೇಳಿದ. "ಯಾರನ್ನೂ ಕೇಳಿಲ್ಲಬೇ."

"ಕೇಳಿಲ್ಲಂತ! ಹೊಳೆವ್ವಾ! ಏ ಹೊಳೆವ್ವಾ! ಬಾರ ಇಲ್ಲೆ! ನನ್ನ ಹೊಲ ಒಳಗ ಹಾಕ್ಕೊಳ್ಳಾಕ ಪ್ಯಾಟಿಂದ ಸರ್ವೇದಾಂವನ್ನ ಕರಶೀಯೇನ?"

"ನಾ ಸರ್ವೇದಾಂವ ಅಲ್ಲಬೇ, ಪಂಪ ರಿಪೇರಿ ಮಾಡಾಂವ."

"ಕಲ್ಲಿಗೆ ಯಾವ ಪಂಪೊ ಮೂಳಾ?"

"ಪಂಪಲ್ಲಬೇ, ಕ್ಯಾಶ ಹುಡುಕಾಕ ಬಂದೇನಿ."

"ನನ್ನ ಒಡ್ಡಿನ್ಯಾಗ ಕ್ಯಾಶ!" ಸಕ್ರವ್ವ ಕುಡುಗೋಲನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡಳು. "ನನ್ನ ಮಾವ ಎಂಟ ದಿನ ಉಪವಾಸ ಬಿದ್ದರೂ ಸಿಗಲಾರದ ನಿಧಿ, ನಿನಗ ಸಿಗತೈತೇನ?"

ಗೋವಿನಜೋಳದ ಸಾಲಿನಿಂದ ಹೊಳೆವ್ವ ಓಡಿ ಬಂದಳು. ಈ ಕಡೆಯ ಹೊಲ ಅವಳದು, ನಿಖತನಿಗೆ ಡಬ್ಬಿ ಇಡಲು ಒಪ್ಪಿಗೆ ಕೊಟ್ಟವಳೂ ಅವಳೇ. ಆ ಸುದ್ದಿಯನ್ನು ಪಕ್ಕದ ಹೊಲಕ್ಕೆ ತಿಳಿಸುವುದು ಮಾತ್ರ ಮರೆತಿದ್ದಳು. ಬಂದವಳು ಒಂದು ನೋಟಕ್ಕೆ ಎಲ್ಲ ತಿಳಿದು ನಗತೊಡಗಿದಳು.

"ನಿಖತ ಟೀಚರ್ ಡಬ್ಬೀ ಹುಡುಕಾಕ ಬಂದೀರೇನ್ರಿ? ಅಯ್ಯ, ಅದು ಬಾಂದಗಲ್ಲ ಕಡೆ ಇಲ್ರಿ, ಅದ ಅಲ್ಲೆ..."

"ಹೇಳಬ್ಯಾಡ್ರೀ!" ಮಲಕಾಜಪ್ಪ ಕಲ್ಲು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡ. ಮುಂದೆ ಕುಡುಗೋಲಿದ್ದರೂ ವ್ರತಕ್ಕೆ ಭಂಗ ಬರಗೊಡದ ಆ ನಿಲುವನ್ನು ಯಾರಾದರೂ ಕಲ್ಲಿನಲ್ಲಿ ಕೆತ್ತಬೇಕಿತ್ತು. "ನಾ ಕೇಳೇ ಇಲ್ಲ! ಕಡೀ ಹತ್ತ ಹೆಜ್ಜಿ ನನ್ನವು!"

ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನು ಕಿವಿ ಮುಚ್ಚಿಕೊಂಡೇ ಒಂದು ಸುತ್ತು ತಿರುಗಿದ. ಹಗಲು ರಾತ್ರಿ ಕಾಯುವವನು. ಕಾಲಿರುವವನು. ಕಲ್ಲಿಗೆ ಕಾಲೆಲ್ಲಿ? ಹರಿದ ಅಂಗಿ ತೊಟ್ಟು, ಗಡಿಗೆಯ ತಲೆ ಹೊತ್ತು, ಗುಬ್ಬಿಗಳನ್ನು ಬೆದರಿಸುತ್ತ ಆರು ಹೆಜ್ಜೆ ಆಚೆ ನಿಂತಿದ್ದ ಬೆರ್ಚಪ್ಪ. ಮಲಕಾಜಪ್ಪ ಅಲ್ಲಿಗೆ ನಡೆದು, ಅದರ ಬುಡದ ಹಾಸುಗಲ್ಲನ್ನು ಎತ್ತಿದ. ಸ್ಟೀಲಿನ ಬುತ್ತಿ ಡಬ್ಬಿ ಬಿಸಿಲಿಗೆ ಫಳ್ಳೆಂದಿತು.

ಸಕ್ರವ್ವ ಕತ್ತು ಚಾಚಿ ನೋಡಿದಳು. ಒಂದು ವಹಿ, ಎರಡು ಗೋಲಿ, ಒಂದು ಕೀಲಿ ಗೊಂಚಲು, ಒಂದು ಬಣ್ಣದ ರಿಬ್ಬನ್ನು.

"ಇಷ್ಟಕ್ಕ ಅಷ್ಟ ದೂರಿಂದ ಬಂದೆಯೇನೊ ಯಪ್ಪಾ? ಮನ್ಯಾಗ ಮಂದಿ ಅದಾರಿಲ್ಲೊ ನಿನಗ?"

"ಅದಾರಬೇ. ಅವರನ್ನ ಸಾಕಾಕ ಇದನ್ನ ಕಲಿಯಾಕತ್ತೇನಿ," ಎಂದು ಮಲಕಾಜಪ್ಪ ಟಿಕೋಟಾದ ಕಥೆ ಹೇಳಿದ. ಇಪ್ಪತ್ತೆರಡು ಮಷೀನು, ಭಾವನ ಸ್ಟೂಲು, ನಾಳೆ ಎಂಟು ಗಂಟೆ. ಸಕ್ರವ್ವನ ಕುಡುಗೋಲು ಸೊಂಟಕ್ಕೆ ಹೋಯಿತು. ಅವನು ವಹಿಯಲ್ಲಿ ಹೆಸರು ಬರೆಯುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಳು.

"ನನ್ನ ಹೆಸರೂ ಹಾಕ ಅದರಾಗ."

"ನೀ ಡಬ್ಬಿ ಹುಡುಕಿಲ್ಲಲ್ಲಬೇ."

"ಡಬ್ಬಿ ಹುಡುಕಿಲ್ಲ ಖರೆ. ನಿನ್ನ ಹುಡುಕಿ ಹಿಡದಾಕಿ ಯಾರು?"

ನ್ಯಾಯದ ಮಾತು. ಮಲಕಾಜಪ್ಪ ಬರೆದ: "ಡಬ್ಬಿ ಮಲಕಾಜಪ್ಪನಿಗೆ ಸಿಕ್ಕಿತು. ಮಲಕಾಜಪ್ಪ ಸಕ್ರವ್ವನಿಗೆ ಸಿಕ್ಕ." ಕಿಸೆಯಿಂದ ಒಂದು ಹಿತ್ತಾಳೆಯ ನಾಜಲ್ ತೆಗೆದು ಡಬ್ಬಿಯಲ್ಲಿ ಇಟ್ಟ. ಸಕ್ರವ್ವ ಒಂದು ಲಿಂಬೆಹಣ್ಣು ಇಡಲು ಬಂದಳು, ಇರುವೆಯ ನೇಮ ಕೇಳಿ ತನ್ನ ತಲೆಯ ಪಿನ್ನು ತೆಗೆದು ಹಾಕಿದಳು. ಲಿಂಬೆ ಬೇಡವೆಂದ ಪಾಪಕ್ಕೆ ಅವನು ಒಂದು ಚೀಲ ಲಿಂಬೆಯನ್ನೇ ಮೊಪೆಡ್ಡಿಗೆ ನೇತುಹಾಕಿಕೊಂಡು ಬರಬೇಕಾಯಿತು. ಮಧ್ಯಾಹ್ನ ಎರಡಕ್ಕೆ ಬಾಗಿಲಲ್ಲಿ ಕಂಡವನನ್ನು ನೋಡಿ ಸುವರ್ಣಾ, "ಯಾಕ್ರಿ, ಹೋಗೇ ಇಲ್ಲೇನ?" ಎಂದಳು.

ಸೋಮವಾರ ಬೆಳಿಗ್ಗೆ ಆರಕ್ಕೆ ಮಲಕಾಜಪ್ಪ ಹೊರಟ. ಶಿವಲಿಂಗ ಕಳಿಸಿದ ಲೊಕೇಶನ್ನಿನ ಅಂಕಿಗಳನ್ನು ನಿಖತ ಡಬ್ಬಿಯ ಹಾಗೆಯೇ ಫೋನಿಗೆ ಹಾಕಿ ಕೊಟ್ಟಿದ್ದಳು. ಟಿಕೋಟಾ ದಾಟಿದ, ಕೆನಾಲ್ ದಾಟಿದ, ಎರಡು ಸಲ ತಪ್ಪಿದ, ನಂಬರ್ ಏರಿದ್ದು ನೋಡಿ ಎರಡು ಸಲ ತಿದ್ದಿಕೊಂಡ. ಏಳೂಕಾಲಕ್ಕೆ ನಂಬರ್ ಸೊನ್ನೆಯಾಯಿತು.

ಅಲ್ಲಿ ತೋಟವಿರಲಿಲ್ಲ. ಬರೀ ಒಂದು ಒಡ್ಡು. ಶಿವಲಿಂಗ ಲೊಕೇಶನ್ ಕಳಿಸಿದ್ದು ತೋಟದಿಂದಲ್ಲ, ಒಡ್ಡಿನ ಮೇಲೆ ನಿಂತು ಯಾರ ಜೊತೆಗೋ ಹರಟುತ್ತಿದ್ದಾಗ. ಎಡಕ್ಕೆ ದ್ರಾಕ್ಷಿ, ಬಲಕ್ಕೆ ದ್ರಾಕ್ಷಿ, ಎದುರಿಗೆ ದ್ರಾಕ್ಷಿ. ಮೂರಕ್ಕೂ ಒಂದೇ ಥರದ ತಗಡಿನ ಶೆಡ್ಡ್, ಮೂರೂ ದೂರ. ಹಳೆಯ ಮಲಕಾಜಪ್ಪನಾಗಿದ್ದರೆ ಒಂದು ದಿಕ್ಕನ್ನು ಠೀವಿಯಿಂದ ಆರಿಸಿ, ಮಧ್ಯಾಹ್ನಕ್ಕೆ ಅಥಣಿಯಲ್ಲಿ ಊಟ ಮಾಡುತ್ತಿದ್ದ. ಒಡ್ಡಿನ ಕೆಳಗೆ ಒಬ್ಬ ಹೆಂಗಸು ಆಡು ಮೇಯಿಸುತ್ತಿದ್ದಳು. ಮಲಕಾಜಪ್ಪನ ಬಾಯಿ ತೆರೆಯಿತು. ಇಪ್ಪತ್ತೆರಡು ಮಷೀನಿಗಾಗಿ ಇವತ್ತೊಂದು ದಿನ... ಬಾಯಿ ಮುಚ್ಚಿತು. ಫೋನು ಕಿಸೆಗೆ ಹೋಯಿತು. ಮೊಪೆಡ್ ಬಂದ್ ಮಾಡಿ, ಕಣ್ಣು ಮುಚ್ಚಿ, ಸುಮ್ಮನೆ ನಿಂತ. ಆಮೇಲೆ ಒಮ್ಮೆ ತಲೆಯಾಡಿಸಿ, ಬಲಗಡೆಯ ತೋಟದತ್ತ ಮೊಪೆಡ್ ತಳ್ಳಿಕೊಂಡು ನಡೆದ.

ಇತ್ತ ಶಿವಲಿಂಗ ಹಳೆಯ ಅನುಭವದ ಮನುಷ್ಯ. ಏಳಕ್ಕೇ ಬೈಕುಗಳ ಮೇಲೆ ಮೂವರನ್ನು ಮಲಕಾಜಪ್ಪನ ಶೋಧಕ್ಕೆ ಅಟ್ಟಿ, ತಾನು ಗುಂಪಿನ ನಾಲ್ಕಾರು ಬೆಳೆಗಾರರ ಜೊತೆ ರಸ್ತೆಗೆ ಬಂದು ನಿಂತಿದ್ದ. ಒಬ್ಬ ಬಬಲೇಶ್ವರದ ಕಡೆ, ಒಬ್ಬ ಅಥಣಿಯ ಕಡೆ, ಶಿವಲಿಂಗನ ಮೈದುನ ಮಾಳು ವಿಜಯಪುರದ ಕಡೆ. ಎಂಟಕ್ಕೆ ಐದು ನಿಮಿಷವಿರುವಾಗ ಮಾಳು ಧೂಳೆಬ್ಬಿಸುತ್ತ ಬಂದ.

"ಮಾವಾ, ಎಲ್ಲೂ ಇಲ್ಲರಿ. ಬಸ್‌ಸ್ಟ್ಯಾಂಡ್ ನೋಡಿದ್ನಿ, ಚಹಾದಂಗಡಿ ನೋಡಿದ್ನಿ. ಮನಷ್ಯಾ ಮಾಯ ಆಗ್ಯಾನ."

"ಹೋತ ಬಿಡು. ಬ್ಯಾರೆದವಂಗ ಫೋನ ಹಚ್ಚು," ಎಂದು ಶಿವಲಿಂಗ ಹೇಳುವುದಕ್ಕೂ ತೋಟದೊಳಗಿನಿಂದ ಬ್ಲೋವರ್ ಗುಂಯ್ಯೆನ್ನುವುದಕ್ಕೂ ಸರಿಹೋಯಿತು. ಎಲ್ಲರೂ ಶೆಡ್ಡಿಗೆ ಓಡಿದರು. ಬ್ಲೋವರಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಶಿವಲಿಂಗನ ಆಳು ಟ್ರ್ಯಾಕ್ಟರಿನ ಮೇಲೆ ಕುಳಿತು, "ಇವರು ಬಂದ ಅರ್ಧಾ ತಾಸ ಆತ್ರಿ. ನೀವ ಕಳಿಸೀರಿ ಅನ್ಕೊಂಡ್ನಿ" ಎಂದ. ಬ್ಲೋವರಿನ ಬಾಯಿಯಿಂದ ಔಷಧದ ಹನಿ ಮಂಜಿನಂತೆ ಎದ್ದು, ಎಳೆಯ ಚಿಗುರಿನ ಮೇಲೆ ಹದವಾಗಿ ಕೂತಿತು. ಆಕಾಶದಲ್ಲಿ ಆಗಷ್ಟೇ ಮೋಡ ಸೇರುತ್ತಿತ್ತು.

ಕಾಲುಗಳ ಹಿಂದೆ ಮಲಕಾಜಪ್ಪನೂ ಹೊರಗೆ ಬಂದ, ಗ್ರೀಸು ಒರೆಸಿಕೊಳ್ಳುತ್ತ.

"ವಾಲ್ವ್ ಹೋಗಿತ್ರಿ. ಹೊಸಾದ ಹಾಕೇನಿ. ಉಳಿದ ಇಪ್ಪತ್ತೊಂದು ಎಲ್ಲೆಲ್ಲಿ ಅದಾವು, ನಂಬರ ಕೊಡ್ರಿ."

"ಕೊಡತೇನ್ರಿ, ಎಲ್ಲಾ ಕೊಡತೇನಿ. ವರ್ಷಪೂರ್ತಿ ನಿಮ್ಮವ," ಎಂದ ಶಿವಲಿಂಗ. ನಂತರ ಕೂಡಿದ್ದ ಬೆಳೆಗಾರರ ಕಡೆ ತಿರುಗಿ ದನಿ ಏರಿಸಿದ. "ನೋಡ್ರಲೇ! ಗಾಂಧಿ ಚೌಕದಾಗ ನಿಂತ ಗಾಂಧಿ ಚೌಕ ಹುಡುಕತಿದ್ದ ಮನಷ್ಯಾರು! ಇವತ್ತ ಆಕಾಶದಾಗಿನ ಉಪಗ್ರಹ ಎಲ್ಲಾ ಕೂಡಿ, ಬಳ್ಳಿ ಬಳ್ಳಿ ಎಣಿಸಿ, ಕೈ ಹಿಡದ ಇವರನ್ನ ಈ ಶೆಡ್ಡಿಗೆ ತಂದ ಬಿಟ್ಟಾವ! ಹೌದಲ್ರಿ ಮಲಕಾಜಪ್ಪಣ್ಣಾ?"

"ಇಲ್ರಿ. ಕೇಳಕೋತ ಬಂದ್ನಿ."

ಮಾಳು ಎರಡು ಹೆಜ್ಜೆ ಹತ್ತಿರ ಬಂದ. "ಕೇಳಕೋತ? ನೀವ? ಯಾರನ್ನ ಕೇಳಿದ್ರಿ?"

"ಮಂದೀನ್ನಲ್ರಿ. ನಿಮ್ಮ ಪಂಪ ಮುಂಜಾನಿಂದ ಒಂದೇ ಸವನ ಕೆಮ್ಮಾಕತ್ತಿತ್ತಲ್ಲ, ಅದನ್ನ."